ಪರಿಮಳವಿಲ್ಲದ ಎಲೆ

ಹೊರದೇಶದ ಈ ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಹಿಂದೆ ಬಿಸಿಲೇ ಬೀಳದ ಮೂಲೆಯೊಂದಿದೆ. ಅಲ್ಲಿ ನಾನು ನೆಟ್ಟ ಅಲಂಕಾರದ ಗಿಡ ಜನವರಿಯ ಚಳಿಗೂ ಬಾಡುವುದಿಲ್ಲ. ನೋಡಲು ಥೇಟ್ ಅರಿಶಿನದ ಎಲೆ.

ಪಕ್ಕದ ಮನೆಗೆ ಮಗಳ ಬಾಣಂತನಕ್ಕೆಂದು ಉಡುಪಿಯಿಂದ ಬಂದಿದ್ದ ಅಮ್ಮ ಅದನ್ನು ಬೇಲಿಯಾಚೆಯಿಂದ ಕಂಡು ಓಡಿಬಂದರು.

"ಅರಿಶಿನ ಎಲೆ ಉಂಟಲ್ಲ ನಿಮ್ಮಲ್ಲಿ! ಕಡುಬು ಮಾಡುವ!"

ನಾನು ಬಾಯಿ ತೆರೆಯುವಷ್ಟರಲ್ಲಿ ಕೈತುಂಬ ಕೊಯ್ದೇಬಿಟ್ಟರು. ಒಂದನ್ನು ಹರಿದು ಮೂಸಿದರು. ಇನ್ನೊಂದನ್ನೂ ಮೂಸಿದರು. ಮುಖ ಸಪ್ಪಗಾಯಿತು.

"ಸ್ವಲ್ಪ ಪರಿಮಳ ಬರುತ್ತೆ ಅಲ್ವಾ?" ಎಂದೆ, ಸಮಾಧಾನಕ್ಕೆ.

"ಸುಳ್ಳು ಹೇಳ್ಬೇಡಿ ಮಾರಾಯ್ರೆ" ಎಂದು ಎಲೆಗಳನ್ನು ಗಿಡದ ಬುಡದಲ್ಲೇ ಇಟ್ಟು ಹೋದರು.

ಮನಸ್ಸು ತಡೆಯದೆ ಆ ವಾರವೇ ಕುಂಡದಲ್ಲಿ ನಿಜವಾದ ಅರಿಶಿನ ಊರಿದೆ. ಎಲೆ ಕಡುಬು ಸುತ್ತುವಷ್ಟು ಅಗಲವಾಗುವ ಹೊತ್ತಿಗೆ ಅವರು ಊರಿಗೆ ಮರಳಿದ್ದರು. ಮೊದಲ ಚಳಿಗೇ ಅದು ಒಣಗಿಹೋಯಿತು. ಮೂಲೆಯ ಆ ಹಳೇ ಗಿಡ ಮಾತ್ರ, ಅವರು ಕೊಯ್ದು ಉಳಿದ ನಾಲ್ಕೇ ಎಲೆಯಲ್ಲಿ, ನಾಚಿಕೆಯಿಲ್ಲದೆ ಹಚ್ಚಗಿದೆ.