ರೊಟ್ಟಿ ಗಂಟಿನೊಳಗಿನ ಸೆಲ್ಲು

ಕೊಣ್ಣೂರಿನ ನಮ್ಮ ಓಣಿಯ ಗಫಾರ ಇವತ್ತಿಗೂ ರೀಲಿನ ಕ್ಯಾಮೆರಾದಲ್ಲೇ ಫೋಟೋ ತೆಗೆಯುತ್ತಾನೆ. ಮೊಬೈಲಿನ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾನೆ.

ಮದುವೆಯಾಗಿ ಐವತ್ತು ವರ್ಷವಾದರೂ ಅದೇ ಓಣಿಯ ದುಂಡಪ್ಪ, ಅವನ ಹೆಂಡತಿ ಅಕ್ಕವ್ವ ಜೋಡಿಯಾಗಿ ಒಂದು ಫೋಟೋ ತೆಗೆಸಿಕೊಂಡಿರಲಿಲ್ಲ. ಧುಪದಾಳದ ಅಣೆಕಟ್ಟಿನ ನೀರಿನ ಮುಂದೆ, ಮಂಜು ಇರುವಾಗಲೇ ಆಗಬೇಕೆಂದು ಅಕ್ಕವ್ವನ ಹಟ. ಗಫಾರನ ಜೊತೆ ನಾವೆಲ್ಲ ನಸುಕಿನಲ್ಲೇ ಹೋದೆವು. ಚಳಿ ಎಂದರೆ ಅಂಥ ಚಳಿ.

ಗಫಾರ ಗುಂಡಿ ಒತ್ತಿದ. ಕ್ಯಾಮೆರಾ ಮಿಸುಕಲಿಲ್ಲ.

"ಥಂಡಿಗೆ ಸೆಲ್ ಸೆಟದಾವ್ರಿ ಕಾಕೂ. ಬೆಚ್ಚಗಾದ್ರ ಜೀವ ಬರ್ತಾವು," ಎಂದು ಅವುಗಳನ್ನು ತೆಗೆದು ಕಂಕುಳಲ್ಲಿಟ್ಟುಕೊಂಡ. ಅವನೇ ಗಡಗಡ ನಡುಗುತ್ತಿದ್ದ. ಅತ್ತ ಬಿಸಿಲೇರಿ ಮಂಜು ಕರಗತೊಡಗಿತ್ತು.

"ನಿನ್ನ ಮೈಯಾಗ ಎಲ್ಲಿ ಕಾವೈತೋ? ಕೊಡಿಲ್ಲಿ," ಎಂದು ಅಕ್ಕವ್ವ ಸೆಲ್ಲುಗಳನ್ನು ಕಸಿದುಕೊಂಡು, ನಾಷ್ಟಾಕ್ಕೆ ತಂದಿದ್ದ ಬಿಸಿ ರೊಟ್ಟಿಯ ಗಂಟಿನೊಳಗೆ ತುರುಕಿದಳು.

"ಏ, ನಾ ಪಲ್ಯಾ ಹಚ್ಕೊಂಡು ತಿಂದ್ಬಿಟ್ಟೇನು!" ಎಂದ ದುಂಡಪ್ಪ.

"ತಿನ್ರಿ ಕಾಕಾ, ಆಮ್ಯಾಲೆ ಗುಂಡಿ ಬದ್ಲಿ ನಿಮ್ಮ ಹೊಟ್ಟೀನ ಒತ್ತತೇನಿ," ಎನ್ನುತ್ತ ಗಫಾರ ಬಿಸಿಯಾದ ಸೆಲ್ ಹಾಕಿದ. ಅಕ್ಕವ್ವ ನಗು ತಡೆಯಲಾರದೆ ಗಂಡನ ಹೆಗಲ ಮೇಲೆ ಬಿದ್ದಳು. ಆಗಲೇ ಕ್ಯಾಮೆರಾ ಕಟಕ್ಕೆಂದಿತು.

ರೀಲು ತೊಳೆಸಿ ತಂದಾಗ ನೋಡಿದೆವು. ಮಂಜು ಒಂದು ಎಳೆಯಷ್ಟೇ ಉಳಿದಿತ್ತು, ಆದರೆ ಇತ್ತು. ಅಕ್ಕವ್ವ ಆ ಫೋಟೋ ಹಿಡಿದುಕೊಂಡು ಈಗ ಮನೆಮನೆ ತಿರುಗುತ್ತಿದ್ದಾಳೆ.