ಜಗಲಿಯ ಮೇಲಿನ ಸಿಡಿಲಗುಂಡು

ನಮ್ಮ ಮನೆಯ ದೇವರ ಜಗಲಿಯ ಮೇಲೆ ಮಾಂಸ ಕೊಯ್ಯುವ ಚೂರಿಯೊಂದಿದೆ. ದಿನಾ ಅದಕ್ಕೆ ವಿಭೂತಿ ಹಚ್ಚಿ, ಹೂವಿಟ್ಟು, ಊದುಬತ್ತಿ ಬೆಳಗುವವರು ನಮ್ಮ ಅತ್ತೆ. ಅತ್ತೆ ಎಂಥವರೆಂದರೆ, ಬದನೆಕಾಯಿಯಲ್ಲಿ ಹುಳ ಕಂಡರೆ ಈಳಿಗೆಯನ್ನೂ ತೊಳೆದು, ಈಳಿಗೆ ಇಟ್ಟ ಜಾಗವನ್ನೂ ತೊಳೆಯುವವರು. ಮೊಟ್ಟೆಯ ಗಾಡಿ ಓಣಿಗೆ ಬಂದರೆ ಬಾಗಿಲು ಹಾಕಿಕೊಳ್ಳುವವರು. ಇಂಥವರ ಜಗಲಿಗೆ ಇಂಥ ಚೂರಿ ಹೇಗೆ ಏರಿತು ಎಂಬುದನ್ನು ನಾನು ಹೇಳಲೇಬೇಕು, ಏಕೆಂದರೆ ನನ್ನ ಮಗಳ ಎಡಗೈ ಇವತ್ತು ಅವಳದೇ ಆಗಿ ಉಳಿದಿರುವುದು ಆ ಚೂರಿಯ ದೆಸೆಯಿಂದ.

ಚೂರಿ ಕಬ್ಬಿಣದ್ದಲ್ಲ, ಕಲ್ಲಿನದು. ಮಾವನವರು ಬದುಕಿದ್ದಾಗ, ಹುಣಸಗಿ ಕಡೆಯ ನಮ್ಮ ಹೊಲದಲ್ಲಿ, ಗುಡುಗು ಸಿಡಿಲಿನ ಮಳೆ ಹೊಡೆದ ಮರುದಿನ ನೇಗಿಲಿಗೆ ಸಿಕ್ಕಿತಂತೆ. ಅಂಗೈ ತುಂಬುವ ಬೂದು ಬಣ್ಣದ ಕಲ್ಲು. ಬುಡ ದಪ್ಪ, ತುದಿ ಚೂಪು. ನಮ್ಮ ಕಡೆ ಇಂಥದ್ದು ಸಿಕ್ಕರೆ ಅದು ಸಿಡಿಲಗುಂಡು. ಸಿಡಿಲು ನೆಲಕ್ಕೆ ಬಿದ್ದು ಆರಿದ ಮೇಲೆ ಉಳಿಯುವ ಗಟ್ಟಿ. ಅದಿದ್ದ ಮನೆಗೆ ಸಿಡಿಲು ಬಡಿಯುವುದಿಲ್ಲ ಎಂದು ನಂಬಿಕೆ. ಕೆಲವರು ಬೇವಿನ ಮರದ ಬುಡದಲ್ಲಿಡುತ್ತಾರೆ, ಅತ್ತೆ ಸೀದಾ ಜಗಲಿಗೇ ಏರಿಸಿದರು. ಅಬ್ಬೆತುಮಕೂರಿನ ಮಠದಿಂದ ತಂದ ವಿಭೂತಿ ಪದರ ಪದರವಾಗಿ ಕೂತು ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದು ಬರಿಯ ಬಿಳಿ ಉಂಡೆಯಾಗಿತ್ತು. ದೇವರನ್ನು ಕೆರೆದು ನೋಡುವ ಸೊಸೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ನಮ್ಮ ಮನೆ ಶಹಾಪುರದಲ್ಲಿ, ನನ್ನ ಶಾಲೆ ಸುರಪುರದಲ್ಲಿ. ಊರ ಗುಡ್ಡವೇ ಬುದ್ಧನಂತೆ ಅಂಗಾತ ಮಲಗಿರುವ ಊರು ನಮ್ಮದು. ಅದನ್ನು ನೋಡುತ್ತಾ ಬೆಳಗಿನ ಬಸ್ಸು ಹಿಡಿಯುವಾಗ ನನಗೆ ದಿನಾ ಹೊಟ್ಟೆಕಿಚ್ಚು. ಕಲಿಸುವುದು ಸಮಾಜ ವಿಜ್ಞಾನ. ಆದಿಮಾನವನ ಪಾಠವೆಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಚಿತ್ರದಲ್ಲಿ ಗಂಡಸರೆಲ್ಲ ಕಲ್ಲು ಹಿಡಿದು ಬೇಟೆಗೆ ಓಡುತ್ತಿರುತ್ತಾರೆ, ಒಬ್ಬಳೇ ಒಬ್ಬ ಹೆಂಗಸು ಗುಹೆಯ ಬಾಯಲ್ಲಿ ಕೂಸನ್ನೆತ್ತಿಕೊಂಡು ಕೂತಿರುತ್ತಾಳೆ. ಎಲ್ಲರ ತಲೆಯೂ ಕೆದರಿದೆ, ಯಾರ ಮುಖದಲ್ಲೂ ಬುದ್ಧಿಯ ಕಳೆಯಿಲ್ಲ. ಬೇಟೆಯಾಡಿ ತಂದದ್ದನ್ನು ಕೊಯ್ದವರು ಯಾರು, ಹಂಚಿದವರು ಯಾರು ಎಂದು ಆ ಚಿತ್ರ ಬರೆದವರಿಗೆ ಹೊಳೆದಂತಿಲ್ಲ. ಅವರ ಮನೆಯಲ್ಲಿ ಊಟ ತಾನಾಗಿ ತಟ್ಟೆಗೆ ಬಂದು ಬೀಳುತ್ತಿತ್ತೋ ಏನೋ.

ಇನ್ನು ನನ್ನ ಮಗಳು. ಅವಳಿಗಾಗ ಇನ್ನೂ ಒಂದನೇ ತರಗತಿ. ಹುಟ್ಟಿದಾಗಿನಿಂದ ಎಡಚಿ. ಗಿಲಕಿ ಹಿಡಿದದ್ದು ಎಡಗೈಯಲ್ಲಿ, ಕಲ್ಲು ಒಗೆದದ್ದು ಎಡಗೈಯಲ್ಲಿ, ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಒಂಟೆಯಂಥ ಕುದುರೆ ಬರೆದದ್ದೂ ಎಡಗೈಯಲ್ಲಿ. ಅತ್ತೆಗೆ ಇದು ಮೊದಲಿನಿಂದಲೂ ಕಸಿವಿಸಿ. ಪಕ್ಕದ ಮನೆಯ ಆಪಾಗೂ ಹಾಗೇ. ಆಪಾ ಎಂದರೆ ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿರುವ, ಮನೆಯಲ್ಲೇ ಬಟ್ಟೆ ಹೊಲಿಯುವ ಹಿರಿಯಾಕೆ. ತನ್ನ ಮನೆಯಲ್ಲಿ ದಖನಿ ಮಾತಾಡುತ್ತಾಳೆ, ನಮ್ಮ ಕಟ್ಟೆಗೆ ಬಂದರೆ ಕನ್ನಡ. ಅಡುಗೆ, ಹಬ್ಬ, ನಲ್ಲಿಗಿಟ್ಟ ಬಕೀಟು ಯಾರದು ಎಂಬುದರಲ್ಲೆಲ್ಲ ಇವರಿಬ್ಬರಿಗೂ ಎಣ್ಣೆ ಸೀಗೆಕಾಯಿ. ಆದರೆ ಎಡಗೈಯಲ್ಲಿ ಉಣ್ಣಬಾರದು ಎಂಬುದರಲ್ಲಿ ಮಾತ್ರ ಒಮ್ಮತ.

ಎಲ್ಲ ಕೆಟ್ಟದ್ದು ಯಾದಗಿರಿಯಲ್ಲಿ. ಅತ್ತೆಯ ಅಕ್ಕನ ಮನೆಯಲ್ಲಿ ತೊಟ್ಟಿಲ ಕಾರ್ಯ. ಆ ಅಕ್ಕ ಸಕ್ಕರೆ ಹಂಚುತ್ತಾ ಬಂದರು, ನನ್ನ ಮಗಳು ಎಡಗೈ ಚಾಚಿದಳು. ಅಕ್ಕ ಕೈ ಹಿಂದಕ್ಕೆಳೆದುಕೊಂಡು, ಮನೆ ತುಂಬ ಜನ ಕೇಳುವಂತೆ ಅತ್ತೆಯನ್ನು ಕೇಳಿದರು.

“ಏನವ್ವ ತಂಗಿ, ಮೊಮ್ಮಗಳಿಗಿ ಕೈ ಯಾವ್ದಂತ ಕಲಿಸಿಲ್ಲೇನು? ನಮ್ಮವ್ವ ಇದ್ದಿದ್ರ ಒಂದೇ ದಿನದಾಗ ಕಲಸ್ತಿದ್ಲು.”

ಅತ್ತೆ ಮನೆಗೆ ಬಂದವರೇ ಆಪಾಳ ಹತ್ತಿರ ಮೆತ್ತನೆಯ ಬಟ್ಟೆಯ ತುಂಡೊಂದನ್ನು ಕೇಳಿ ತಂದು, ಲಾಡಿ ಹಾಕಿದ ಪುಟ್ಟ ಚೀಲ ಹೊಲಿದರು. ಕೆಂಪು ಬಟ್ಟೆ, ಹಳದಿ ಅಂಚು. ನೋಡಿದರೆ ಗೊಂಬೆಗೆ ಹೊಲಿದದ್ದೆನ್ನಬೇಕು. ಅದನ್ನು ಮಗಳ ಎಡಗೈಗೆ ತೊಡಿಸಿ ಮಣಿಕಟ್ಟಿನಲ್ಲಿ ಲಾಡಿ ಬಿಗಿದರು. ಶಾಲೆಯಿಂದ ಬಂದಾಗಿನಿಂದ ಮಲಗುವ ತನಕ ಅದು ಹಾಗೇ ಇರಬೇಕು.

“ನಾಳಿ ಅತ್ತಿ ಮನ್ಯಾಗ ಎಡಗೈಲೆ ನೀಡಿದ್ರ ಬೈಸ್ಕೊಳ್ಳೋರು ಯಾರು? ಈಗ ಬಗ್ಗಿಸಬೇಕು. ಗಿಡ ಇದ್ದಾಗ ಬಗ್ಗದ್ದು ಮರ ಆದ ಮ್ಯಾಲ ಬಗ್ತದೇನು?” ಎಂದರು.

ನಾನು ಜಗಳವಾಡಿದೆ. ಮಗಳ ಅಪ್ಪನಿಗೆ ಹೇಳಿದೆ, ಅವರು “ಅವ್ವಗ ಯಾರ್ ಹೇಳ್ಬೇಕು?” ಎಂದು ಹೊಲದ ಕಡೆ ಹೊರಟರು. ಅತ್ತೆಯ ಎದುರು ಮಾತು ಬಂದಾಗಲೆಲ್ಲ ಅವರಿಗೆ ಹೊಲದಲ್ಲಿ ಎಲ್ಲಿಲ್ಲದ ಕೆಲಸ ಹುಟ್ಟಿಕೊಳ್ಳುತ್ತದೆ. ಇತ್ತ ಮಗಳು ಬಲಗೈಯಲ್ಲಿ ಬೇಳೆ ಚೆಲ್ಲಿಕೊಂಡು ಅರೆಹೊಟ್ಟೆ ಉಂಡು ಏಳತೊಡಗಿದಳು. ನೆಲದ ಮೇಲೆ ಕುದುರೆಗಳು ಕಾಣಿಸದಾದವು. ಆಮೇಲೆ ಮಾತೂ ತಡವರಿಸತೊಡಗಿತು. “ಅವ್ವ” ಎನ್ನಲು “ಅ ಅ” ಎಂದು ನಿಂತು, ನಾಚಿಕೊಂಡು, ಸುಮ್ಮನಾಗಿಬಿಡುತ್ತಿದ್ದಳು. ಊರ ಮಕ್ಕಳಿಗೆಲ್ಲ ಪಾಠ ಹೇಳುವ ನಾನು ನನ್ನ ಕೂಸಿನ ಕೈಯ ಲಾಡಿ ಬಿಚ್ಚಲಾರದೆ ಕೂತಿದ್ದೆ.

ಶ್ರಾವಣ ಹಿಡಿಯುವುದಕ್ಕೆ ಮುಂಚೆ ಜಗಲಿ ತೊಳೆಯುವುದು ನಮ್ಮ ಪದ್ಧತಿ. ಪ್ರತಿ ವರ್ಷ ನಾನು ಶಾಲೆಯಲ್ಲಿದ್ದಾಗಲೇ ಅತ್ತೆ ಅದನ್ನು ಮುಗಿಸಿಬಿಡುತ್ತಿದ್ದರು. ಆ ವರ್ಷ ಅದು ಶನಿವಾರ ಬಿತ್ತು, ಮುಂಜಾನೆಯ ಶಾಲೆ. ಆದಿಮಾನವನ ಪಾಠ ಮುಗಿಸಿ, ಅವನ ಮೇಲಿನ ಸಿಟ್ಟು ಇನ್ನೂ ಆರದೆ ಮಧ್ಯಾಹ್ನಕ್ಕೆ ಮನೆಗೆ ಬಂದೆ. ಅಂಗಳದ ಕಟ್ಟೆಯ ಮೇಲೆ ದೇವರುಗಳೆಲ್ಲ ಸ್ನಾನ ಮಾಡಿ ಬಿಸಿಲು ಕಾಯಿಸುತ್ತಿದ್ದರು. ಅವರ ನಡುವೆ ವಿಭೂತಿ ಕಳಚಿಕೊಂಡು ಬರಿಮೈಯಲ್ಲಿ ಕೂತಿತ್ತು ಸಿಡಿಲಗುಂಡು. ಬೆಳಿಗ್ಗೆ ಪುಸ್ತಕದಲ್ಲಿ ತೋರಿಸಿ ಬಂದ ಕೈಗೊಡಲಿಯೇ ನನ್ನ ಕಟ್ಟೆಯ ಮೇಲೆ. ಅಂಚಿನುದ್ದಕ್ಕೂ ಒಂದೊಂದೇ ಏಟಿಗೆ ಚಕ್ಕೆ ಎಬ್ಬಿಸಿದ ಗುರುತು.

“ಅತ್ತಿ, ಇದು ಮುಗಲಿಂದ ಬಿದ್ದದ್ದಲ್ರಿ. ಮನುಷ್ಯಾರು ಮಾಡಿದ್ದು. ಲಕ್ಷಾಂತರ ವರ್ಷದ ಹಿಂದ ನಮ್ಮ ಹೊಲದಾಗೇ ಕುಂತು ಮಾಡ್ಯಾರ,” ಎಂದೆ.

“ಯಾತಕ್ಕ ಮಾಡ್ಯಾರ?”

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಮಾಸ್ತರಿಕೆಯ ಚಟ. ಗೆಡ್ಡೆ ಅಗೆಯಲು, ಬೇಟೆಯಾಡಿದ್ದನ್ನು ಸುಲಿದು ಕೊಯ್ಯಲು, ಎಲುಬು ಒಡೆಯಲು ಎಂದು ಎಲ್ಲ ಒದರಿದೆ. ಅತ್ತೆಯ ಮುಖ ಬಣ್ಣ ಬದಲಾಯಿಸಿತು. ಇಷ್ಟು ವರ್ಷ ಹೂವಿಟ್ಟ ಕಲ್ಲನ್ನು ಅವರು ಬಾಗಿಲಲ್ಲಿ ನಿಂತ ಮೊಟ್ಟೆಗಾಡಿಯನ್ನು ನೋಡುವಂತೆ ನೋಡಿದರು. ಅಷ್ಟರಲ್ಲಿ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಆಪಾ ಬಂದೇ ಬಂದಳು.

“ಅಕ್ಕಾ, ನಮ್ಮ ಬಕ್ರೀದ್ ಚೂರಿಗಿ ನೀವು ದಿನಾ ಊದಿನಕಡ್ಡಿ ಹಚ್ಚಾಕತ್ತೀರಿ? ಒಂದ್ ಮಾತು ಹೇಳಿದ್ರ ನಾನೂ ನಮ್ಮನೀದು ತಂದು ಇಡ್ತಿದ್ದೆ,” ಎಂದು ಕಟ್ಟೆಯ ಮೇಲೆ ಕೂತಳು.

ಅತ್ತೆ ಪೇಚಿಗೆ ಬಿದ್ದರು. ಸಿಡಿಲಗುಂಡನ್ನು ಹೊರಗೆ ಹಾಕಿದರೆ ಸಿಡಿಲಿನ ಹೆದರಿಕೆ, ಒಳಗಿಟ್ಟರೆ ಮೈಲಿಗೆಯ ಹೆದರಿಕೆ. ಕೊನೆಗೆ ನನ್ನನ್ನೇ ಕೇಳಿದರು.

“ಎಷ್ಟ್ ವರ್ಷಾತಂದಿ? ಲಕ್ಷಾಂತರ? ಅಷ್ಟು ಮಳಿ ಅದರ ಮ್ಯಾಲ ಬಿದ್ದಾವಂದ್ರ ಎಂಥಾ ಮೈಲಿಗಿನೂ ತೊಳದು ಹೋಗಿರ್ತದ ಬಿಡು. ನಮ್ಮ ಅಡಿಗಿಮನಿ ಈಳಿಗಿನೂ ಅಷ್ಟು ತೊಳದಿಲ್ಲ.”

ಹೀಗೆ ದೇವರು ಬದುಕಿಕೊಂಡಿತು. ಅತ್ತೆಯ ಈ ನ್ಯಾಯಕ್ಕೆ ಆಪಾಳೂ ತಲೆದೂಗಿದಳು. ಇನ್ನು ಕೊಯ್ಯುತ್ತಿದ್ದದ್ದು ಹೇಗೆ ಎಂದು ನೋಡುವ ಉಮೇದು ಮೂವರಿಗೂ ಬಂತು. ಮೊದಲು ನಾನು ಕಲ್ಲನ್ನು ಬಲಗೈಯಲ್ಲಿ ಹಿಡಿದೆ. ಅಂಚು ಅಂಗೈಗೆ ಚುಚ್ಚಿತು, ಹೆಬ್ಬೆರಳಿಗೆ ಜಾಗ ಸಿಗಲಿಲ್ಲ. ಆಪಾ ಕತ್ತರಿ ಹಿಡಿದು ಪಳಗಿದ ಕೈ, ಅವಳಿಗೂ ಸರಿಹೋಗಲಿಲ್ಲ. “ಬೇಕಾರ್ ಕಾರಿಗರ್, ಹಿಡಿಯಾಕೇ ಬರವಲ್ದು,” ಎಂದು ಆ ಪ್ರಾಚೀನ ಕುಶಲಕರ್ಮಿಗೆ ಒಂದೇ ಮಾತಿನಲ್ಲಿ ಮಂಗಳಾರತಿ ಎತ್ತಿದಳು. ನನಗೂ ಆ ಪೂರ್ವಜನ ಮೇಲೆ ಅನುಮಾನ ಬಂತು. ಚಿತ್ರದಲ್ಲಿ ಬುದ್ಧಿಯ ಕಳೆ ಬಿಟ್ಟದ್ದು ಸುಮ್ಮನೆ ಅಲ್ಲವೇನೋ.

ಕಟ್ಟೆಯ ಮೂಲೆಯಲ್ಲಿ ಕೆಂಪು ಚೀಲದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಮಗಳು ತಡವರಿಸದೆ ಹೇಳಿದಳು.

“ಅವ್ವ, ಆ ಕೈಲೆ ಹಿಡಿ.”

ಕೈ ಬದಲಾಯಿಸಿದೆ. ಕಲ್ಲು ನನ್ನ ಎಡ ಅಂಗೈಯಲ್ಲಿ ಕೂಸು ಮಗ್ಗಲು ಹೊರಳಿದಂತೆ ಹೊರಳಿ ಕೂತಿತು. ಹೆಬ್ಬೆರಳು ಹೋಗಿ ಕೂತಲ್ಲಿ ಅದಕ್ಕೆಂದೇ ತೋಡಿದಂಥ ತಗ್ಗು, ಬೆರಳುಗಳಿಗೆ ಒರಗಲು ಸವೆದ ಅಂಚು. ಪಂಡಿತರು ಇದಕ್ಕೆ ಏನೆನ್ನುತ್ತಾರೋ ನಾನರಿಯೆ, ನಮ್ಮ ಕಟ್ಟೆಯ ಮೇಲಿದ್ದ ಕೈಗಳಿಗೆ ತಿಳಿದದ್ದಷ್ಟು ಹೇಳುತ್ತಿದ್ದೇನೆ. ನಮ್ಮ ಹೊಲದಲ್ಲಿ ಎಂದೋ ಒಬ್ಬಳು ಎಡಚಿ ಕೂತಿದ್ದಳು, ತನ್ನ ಕೈಗೆ ತಕ್ಕಂತೆ ಕಲ್ಲು ಕೆತ್ತಿಕೊಂಡಿದ್ದಳು, ಯಾರೂ ಅವಳ ಕೈಗೆ ಚೀಲ ಕಟ್ಟಿರಲಿಲ್ಲ. ಹೆಣ್ಣೆಂದೇ ಹೇಗೆ ಗೊತ್ತು ಎಂದು ಕೇಳಬೇಡಿ. ಪುಸ್ತಕದವರು ಗಂಡಸೆಂದಾಗ ಯಾರು ಕೇಳಿದರು?

“ನೋಡ್ರಿ ಅತ್ತಿ, ನಿಮ್ಮ ದೇವ್ರು ಎಡಚಿ,” ಎಂದೆ.

ಅತ್ತೆ ಸೋಲುವವರಲ್ಲ. “ದೇವ್ರಿಗೇನು, ಮಂದಿ ಮನ್ಯಾಗ ಉಣ್ಣಾಕ ಹೋಗಬೇಕೇನು? ತಾ ಇಲ್ಲಿ,” ಎಂದರು.

ಕೊಡುವಾಗ ಒದ್ದೆ ಕಲ್ಲು ನನ್ನ ಕೈಯಿಂದ ಜಾರಿತು. ಕೆಳಗೆ ಕಲ್ಲುಚಪ್ಪಡಿ. ಬಿದ್ದಿದ್ದರೆ ಎರಡು ಹೋಳು. ನಾನು ಕೈ ಚಾಚುವಷ್ಟರಲ್ಲಿ ಅತ್ತೆಯ ಕೈ ಹಾರಿ ಹೋಗಿ ಅದನ್ನು ಗಾಳಿಯಲ್ಲೇ ಹಿಡಿದಿತ್ತು. ಎಡಗೈ. ಹೆಬ್ಬೆರಳು ಆ ತಗ್ಗಿನಲ್ಲೇ ಹೋಗಿ ಕೂತಿತ್ತು, ಬೆರಳುಗಳು ತಮ್ಮ ತಮ್ಮ ಜಾಗದಲ್ಲಿ. ನಮ್ಮ ಓಣಿಯಲ್ಲಿ ಎಲ್ಲರ ರೊಟ್ಟಿಯೂ ಬಡಿಯುವಾಗ ಬಲಕ್ಕೆ ತಿರುಗಿದರೆ ಅತ್ತೆಯ ರೊಟ್ಟಿಯೊಂದೇ ಎಡಕ್ಕೆ ತಿರುಗುತ್ತದೆ. “ಅಕ್ಕಾನ ರೊಟ್ಟಿ ರಿವರ್ಸ್ ಗೇರ್” ಎಂದು ಆಪಾ ವರ್ಷಗಟ್ಟಲೆ ಆಡಿಕೊಂಡು ನಕ್ಕಿದ್ದಳು, ನಾನೂ ಜೊತೆಗೆ ನಕ್ಕಿದ್ದೆ. ಈಗ ಇಬ್ಬರೂ ನಗಲಿಲ್ಲ.

ಮಗಳು ಎದ್ದು ಹತ್ತಿರ ಬಂದಳು. “ಆಯಿ, ನೀನೂ ಎಡಚಿ? ನಿನಗ ಯಾರ್ ಚೀಲಾ ಕಟ್ಟಿದ್ರು?”

ಅತ್ತೆ ಕಲ್ಲನ್ನು ಕೆಳಗಿಟ್ಟು ತಮ್ಮ ಎಡಗೈಯ ಹಿಂಬದಿಯನ್ನು ನೋಡಿಕೊಂಡರು. ಅಲ್ಲೊಂದು ಉದ್ದನೆಯ ಸುಟ್ಟ ಕಲೆಯಿದೆ. ಅಡುಗೆ ಮಾಡುವ ಯಾರ ಕೈಮೇಲೆ ಕಲೆಯಿಲ್ಲ ಎಂದು ನಾನು ಅದನ್ನು ಎಂದೂ ಕೇಳಿರಲಿಲ್ಲ.

“ನನಗ ಚೀಲಾ ಕಟ್ಟಿದ್ದಿಲ್ಲ ಕೂಸೆ,” ಎಂದರು. “ನಮ್ಮವ್ವ ಸೌಟು ಕಾಸಿ ಇದರ ಮ್ಯಾಲ ಇಟ್ಟಿದ್ಲು. ಅದಕ್ಕಽ ನಾ ಚೀಲಾ ಹೊಲ್ದೆ. ಮೆತ್ತನ್ನ ಅರಿಬಿ ತಂದು ಹೊಲ್ದೆ. ನಾ ನಿನಗ ಅಂತಃಕರಣಲೇ ಮಾಡಾಕತ್ತೇನಿ ಅಂದ್ಕೊಂಡಿದ್ದೆ.”

ಆಪಾ ಸೆರಗಿನಿಂದ ಮೂಗು ಒರೆಸಿಕೊಂಡಳು. ನನಗೆ ಅಳು ಬಂತು, ಇಷ್ಟು ದಿನ ಮಾಡಿದ ಜಗಳವೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅತ್ತೆ ತಾವೇ ಬಗ್ಗಿ ಮಗಳ ಮಣಿಕಟ್ಟಿನ ಲಾಡಿ ಬಿಚ್ಚಿದರು, ಎಡಗೈಯಿಂದ. ಬಿಚ್ಚಿದ ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಅರಿಬಿ ಚಲೋ ಅದ, ಹೊರಗ ಒಗ್ಯಾಕ ಮನಸಾಗವಲ್ದು,” ಎಂದು ಅದನ್ನು ಸಿಡಿಲಗುಂಡಿಗೆ ತೊಡಿಸಿದರು. ಈಗ ನಮ್ಮ ದೇವರು ಚಳಿಗಾಲದಲ್ಲಿ ಕೆಂಪು ಅಂಗಿ ಹಾಕಿಕೊಂಡು ಕೂರುತ್ತದೆ.

ಅಂದು ಸಂಜೆಯೇ ನೆಲದ ಮೇಲೆ ಒಂಟೆಯಂಥ ಕುದುರೆ ಮರಳಿತು. ಮಾತು ಸರಿಹೋಗಲು ಇನ್ನಷ್ಟು ಕಾಲ ಹಿಡಿಯಿತು. ಅತ್ತೆ ಮಾತ್ರ ಆಮೇಲೆಯೂ ಬಲಗೈಯಲ್ಲೇ ಉಂಡರು. ರೂಢಿಯಾದದ್ದು ಬಿಡುವುದಿಲ್ಲ ಎಂದರು. ನನಗೆ ಉಳಿದಿದ್ದ ಹೆದರಿಕೆ ಒಂದೇ: ಯಾದಗಿರಿಯ ಅಕ್ಕ.

ದೀಪಾವಳಿ ಕಳೆದ ಮೇಲೆ ಅದೇ ಮನೆಯಲ್ಲಿ ಇನ್ನೊಂದು ತೊಟ್ಟಿಲ ಕಾರ್ಯ ಬಂತು. ಅದೇ ಜನ, ಅದೇ ಪಡಸಾಲೆ. ಅಕ್ಕ ಸಕ್ಕರೆಯ ತಟ್ಟೆ ಹಿಡಿದು ಸಾಲಿನಲ್ಲಿ ಬಂದರು. ನನ್ನ ಮಗಳು ಎಡಗೈ ಚಾಚಿದಳು, ಅರ್ಧಕ್ಕೆ ನಿಲ್ಲಿಸಿ ಅಜ್ಜಿಯ ಮುಖ ನೋಡಿದಳು. ಅಕ್ಕನ ಕೈ ತಟ್ಟೆಯ ಮೇಲೆಯೇ ನಿಂತಿತು.

ಅತ್ತೆ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು. ಕಲೆಯಿರುವ ಎಡಗೈಯನ್ನು ಮೊಮ್ಮಗಳ ಕೈಯ ಪಕ್ಕದಲ್ಲಿ ಚಾಚಿ, “ನನಗೂ ಇದರಾಗೇ ಹಾಕಕ್ಕ,” ಎಂದರು.

ಅಕ್ಕ ಆ ಕಲೆಯನ್ನು ನೋಡಿದರು. ಅದು ಅವರಿಗೆ ಹೊಸದಲ್ಲ. ಸೌಟು ಕಾಯುವಾಗ ಅವರೂ ಅದೇ ಒಲೆಯ ಮುಂದೆ ಇದ್ದವರು. ಮೊದಲು ತಂಗಿಯ ಕೈಗೆ ಸಕ್ಕರೆ ಹಾಕಿದರು, ಆಮೇಲೆ ನನ್ನ ಮಗಳ ಕೈಗೆ.