ಎಂಜಿನ್ನಿನ ನೀರು ಕುದಿಯುತ್ತಿದ್ದ ಮಧ್ಯಾಹ್ನಗಳು

ಮದುವೆಯಾಗಿ ಕಂಪ್ಲಿಗೆ ಬಂದಾಗ ನನ್ನ ಯಜಮಾನರು ಅಲ್ಲಿನ ಅಕ್ಕಿ ಗಿರಣಿಯಲ್ಲಿ ಎಣ್ಣೆ ಎಂಜಿನ್ನು ನೋಡಿಕೊಳ್ಳುತ್ತಿದ್ದರು. ರಾತ್ರಿ ಕಾವಲಿಗೆಂದು ಅಲ್ಲೇ ಮಲಗುವುದು. ಬೆಳಿಗ್ಗೆ ಮನೆಗೆ ಬಂದರೂ ಅತ್ತೆಯ ಎದುರು ಗಂಡಹೆಂಡಿರು ಮಾತಾಡುವಂತಿಲ್ಲ. ನೀರು ಬೇಕೆಂದರೂ ಅವರು ತಾಯಿಯನ್ನೇ ಕೇಳಬೇಕು, ತಂದಿಡುವವಳು ಮಾತ್ರ ನಾನು. ಎಂಥ ಪದ್ಧತಿಯೋ.

ಮೊದಲ ಬೇಸಿಗೆಯಲ್ಲಿ ನನ್ನ ಕೈಹಿಡಿದದ್ದು ಆ ಎಂಜಿನ್ನು. ಮಧ್ಯಾಹ್ನವಾದರೆ ಅದರ ನೀರು ಕೊತಕೊತ ಕುದಿಯುತ್ತಿತ್ತು. ಆರುವ ತನಕ ನಿಲ್ಲಿಸಲೇಬೇಕು. ಇವರು ಊಟಕ್ಕೆ ಮನೆಗೆ ಬರುವರು. ಅತ್ತೆಗೆ ಅದು ನಿದ್ದೆಯ ಹೊತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಸುತ್ತಾ ನಾನು ಪಿಸುದನಿಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಹೇಳುವರು, ನಗಿಸುವರು. ಗಿರಣಿ ಸಾಹುಕಾರರು ಮಾತ್ರ ತಲೆಮೇಲೆ ಕೈಹೊತ್ತು ಕೂತಿದ್ದರಂತೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅದು ನಾಳೆಯೂ ಕುದಿಯಲಿ ಎಂದು ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ.

ಒಂದು ದಿನ ಬಳ್ಳಾರಿಯಿಂದ ಒಬ್ಬ ಫಿಟ್ಟರ್ ಬಂದ. ಅವತ್ತು ಅತ್ತೆ ಇನ್ನೂ ಮಲಗಿದ್ದಾಗಲೇ ಇವರು ತಡವಾಗಿ ಊಟಕ್ಕೆ ಬಂದರು, ಮುಖ ಅರಳಿತ್ತು.

"ತಪ್ಪು ಗೊತ್ತಾತು. ಮನೀ ಕಿಟಕಿ ಮುಚ್ಚಿದಂಗ ಎಂಜಿನ್ ಕೋಣೀನೂ ಮುಚ್ಚಿಟ್ಟಿದ್ದೆ, ಬಿಸಿಗಾಳಿ ಬರಬಾರದಂತ. ಕಾದ ನೀರು ತಾಮ್ರದ ಸಣ್ಣ ಕೊಳವ್ಯಾಗ ಹರೀತೈತಿ, ಕೊಳವಿ ಸುತ್ತ ತೆಳ್ಳನ ತಗಡಿನ ರೆಕ್ಕಿ. ಫ್ಯಾನಿನ ಗಾಳಿ ಅದರ ನಡುವ ನುಗ್ಗಿ ಬಿಸಿ ಹೊತ್ಕೊಂಡು ಹೋಗ್ತೈತಿ. ಆರಿದ ನೀರು ತಿರುಗಿ ಎಂಜಿನ್ನಿಗೇ. ಕೋಣಿ ಮುಚ್ಚಿದ್ರ, ಬಿಟ್ಟ ಬಿಸಿಗಾಳೀನ ಫ್ಯಾನು ಮತ್ತ ಎಳಕೊಂತೈತಿ."

"ಹೊರಗೂ ಬೆಂಕಿಯಂಥ ಗಾಳಿ ಐತಲ್ರಿ," ಎಂದೆ.

"ಅದು ನಮಗ ಬೆಂಕಿ. ಕುದಿಯೋ ನೀರಿಗೆ ಅದೇ ತಂಪು."

ನಾನು ಇನ್ನೊಂದು ರೊಟ್ಟಿ ಹಾಕಿದೆ. ಅವರ ಸಂತೋಷಕ್ಕೆ ನಗಬೇಕೆಂದರೂ ನಗು ಬರಲಿಲ್ಲ.

ಮರುದಿನದಿಂದ ಎಂಜಿನ್ ಕೋಣೆಯ ಬಾಗಿಲು ಕಿಟಕಿಗಳೆಲ್ಲ ತೆರೆದವು. ಗಿರಣಿ ಹಗಲೆಲ್ಲ ಓಡಿತು. ಮಧ್ಯಾಹ್ನದ ಬುತ್ತಿಯನ್ನು ಅಕ್ಕಿ ಬಂಡಿಯವನು ಒಯ್ಯತೊಡಗಿದ. ಬುತ್ತಿಯಲ್ಲಿ ರೊಟ್ಟಿ ಕಟ್ಟಬಹುದು, ಮಾತು ಕಟ್ಟಲಾಗುವುದಿಲ್ಲ.

ನಾಲ್ಕೈದು ವರ್ಷಗಳ ನಂತರ, ಒಂದು ಮಳೆಗಾಲದ ಜ್ವರದಲ್ಲಿ ಅವರು ಹೋಗಿಬಿಟ್ಟರು. ಭಾಳ ಒಳ್ಳೆಯ ಕೆಲಸಗಾರ, ಅವರ ಕಾಲದಲ್ಲಿ ಎಂಜಿನ್ನು ಒಂದು ದಿನವೂ ನಿಲ್ಲಲಿಲ್ಲ ಎಂದು ಬಂದವರೆಲ್ಲ ಹೊಗಳಿದರು. ನಾನು ಮುಖಕ್ಕೆ ಸೆರಗು ಮುಚ್ಚಿಕೊಂಡು ಅತ್ತುಬಿಟ್ಟೆ. ಅದು ನಿಲ್ಲುತ್ತಿದ್ದ ದಿನಗಳಲ್ಲಷ್ಟೇ ಅವರು ನನಗೆ ಸಿಕ್ಕಿದ್ದು.